ದಯೆಗೆ ವಿದ್ಯೆಯ ಬಲ ಬೇಕು

ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಗೂ ಮುಂಬೈಯ ಪಿಂಜರಾಪೋಲಿಗೂ ಜೈನ ಸಮಾಜ ತಲೆಮಾರುಗಳಿಂದ ಉದಾರವಾಗಿ ದಾನ ನೀಡುತ್ತ ಬಂದಿದೆ. ಆದರೆ ಮನೆಯ ಮಗಳು ಪಶುವೈದ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವೆನೆಂದರೆ ಹಿರಿಯರು ಹಿಂಜರಿಯುತ್ತಾರೆ. ಐದೂವರೆ ವರ್ಷದ ಪದವಿ, ಎರಡು ವರ್ಷದ ಸ್ನಾತಕೋತ್ತರ ಓದು, ಅದರ ಮೇಲೆ ಕನಿಷ್ಠ ಮೂರು ವರ್ಷದ ಸಂಶೋಧನೆ. ಅಷ್ಟರಲ್ಲಿ ಓರಗೆಯವರು ಸ್ವಂತ ಮನೆ ಕೊಂಡಿರುತ್ತಾರೆ ಎಂಬುದು ಅವರ ಲೆಕ್ಕ.

ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ದನಗಳ ನೋವು ನೀಗಲೆಂದು ಕೊಟ್ಟ ಡೈಕ್ಲೋಫೆನಾಕ್, ಅವುಗಳ ಕಳೇಬರ ತಿಂದ ಲಕ್ಷಾಂತರ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. ದಯೆಯಿಂದ ಕೊಟ್ಟ ಮದ್ದೇ ವಿಷವಾದುದನ್ನು 2004ರಲ್ಲಿ ಬಯಲಿಗೆ ತಂದವರು ಸಂಶೋಧಕರು. ಬದಲಿ ಮದ್ದು ಮೆಲಾಕ್ಸಿಕ್ಯಾಮ್ ರಣಹದ್ದುಗಳಿಗೆ ನಿರಪಾಯವೆಂದು ಪರೀಕ್ಷಿಸಿ ತೋರಿದವರೂ ಅಂಥವರೇ. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಡೈಕ್ಲೋಫೆನಾಕ್ ಬಳಕೆಯನ್ನು ನಿಷೇಧಿಸಿತು.

ಗಾಯಕ್ಕೆ ಪಟ್ಟಿ ಕಟ್ಟುವುದು ಪುಣ್ಯವೇ. ಗಾಯದ ಮೂಲವನ್ನು ಹುಡುಕುವುದು ಅದಕ್ಕಿಂತ ಕಿರಿದಲ್ಲ. ಸಿಎ, ಎಂಜಿನಿಯರಿಂಗ್ ಓದಿಗೆ ನೆರವಾಗುವ ಸಮಾಜದ ವಿದ್ಯಾನಿಧಿಗಳು ಬೀದರಿನಲ್ಲೋ ಪರೇಲಿನಲ್ಲೋ ಸಂಶೋಧನೆಗಿಳಿದ ಒಬ್ಬ ಪಶುವೈದ್ಯರಿಗಾದರೂ ಮೂರು ವರ್ಷದ ವಿದ್ಯಾರ್ಥಿವೇತನ ಮೀಸಲಿಡಲಿ. ಜೀವದಯೆಯ ಖಾತೆಯಲ್ಲಿ ಅದನ್ನು ಮೂಲಧನವೆಂದೇ ಬರೆಯಬೇಕು.