ರನ್ನನ ಸಾಲ, ಮಿಯಾಝಾಕಿಯ ಸಾಲ

2021ರ ಮೇ ತಿಂಗಳಲ್ಲಿ ಜಪಾನಿನ ಚಿತ್ರಕಥೆಗಾರ ಕೆಂಟಾರೊ ಮಿಯುರಾ ತಮ್ಮ 54ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಹೊರಬಿತ್ತು. ‘ಫೈನಲ್ ಫ್ಯಾಂಟಸಿ 14’ ಎಂಬ ಆನ್‌ಲೈನ್ ಆಟದಲ್ಲಿ ಆಗ ನಡೆದ ಶ್ರದ್ಧಾಂಜಲಿ ಅಪರೂಪದ್ದು. ಬೇರೆ ಬೇರೆ ದೇಶಗಳ ಆಟಗಾರರು ತಮ್ಮ ಪಾತ್ರಗಳಿಗೆ ಕಪ್ಪು ಕವಚ ತೊಡಿಸಿ, ಆಳೆತ್ತರದ ಖಡ್ಗ ಹೊರಿಸಿ, ಆಟದೊಳಗಿನ ನಗರಗಳ ಬೀದಿಗಳಲ್ಲಿ ಸಾಲುಗಟ್ಟಿ ನಿಲ್ಲಿಸಿದರು. ಮಿಯುರಾ ಈ ಆಟ ಕಟ್ಟಿದವರಲ್ಲ. 1989ರಲ್ಲಿ ಪ್ರಕಟಣೆ ಶುರುವಾದ ‘ಬರ್ಸರ್ಕ್’ ಎಂಬ ಮಂಗಾ, ಅಂದರೆ ಜಪಾನಿ ಚಿತ್ರಕಥೆ, ಅವರದು. ಅದರ ನಾಯಕ ಗಟ್ಸ್ ಹೊತ್ತು ತಿರುಗುವ ಖಡ್ಗ ಮೂರು ದಶಕಗಳಲ್ಲಿ ಎಷ್ಟೋ ಆಟಗಳಿಗೆ ಹಬ್ಬಿತ್ತು. ಆಟಗಾರರಿಗೆ ಅದು ಯಾರ ಮನೆಯಿಂದ ಬಂದದ್ದೆಂದು ಗೊತ್ತಿತ್ತು.

ಒಬ್ಬ ಕಲಾವಿದ ಇನ್ನೊಬ್ಬನಿಂದ ತೆಗೆದುಕೊಂಡದ್ದು ಯಾವಾಗ ಗೌರವ ಎನಿಸಿಕೊಳ್ಳುತ್ತದೆ, ಯಾವಾಗ ಕಳವು ಎನಿಸಿಕೊಳ್ಳುತ್ತದೆ? ಈ ಹಳೆಯ ಪ್ರಶ್ನೆಗೆ ವಿಡಿಯೊ ಗೇಮ್‌ಗಳ ಲೋಕ ಹೊಸ ಸಾಕ್ಷ್ಯ ಒದಗಿಸಿದೆ.

ಫ್ರಮ್‌ಸಾಫ್ಟ್‌ವೇರ್ ಕಂಪನಿಯ ಹಿಡೆಟಾಕಾ ಮಿಯಾಝಾಕಿ 2011ರಲ್ಲಿ ‘ಡಾರ್ಕ್ ಸೋಲ್ಸ್’ ನಿರ್ದೇಶಿಸಿದರು. ತಮ್ಮ ಮೇಲೆ ಬರ್ಸರ್ಕ್‌ನ ಪ್ರಭಾವವಿದೆ ಎಂಬುದನ್ನು ಸಂದರ್ಶನಗಳಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಹೋಲಿಕೆಗಳನ್ನು ಹುಡುಕಲು ಕಷ್ಟಪಡಬೇಕಿಲ್ಲ. ಮರದ ಚಕ್ರಕ್ಕೆ ಕಟ್ಟಿಕೊಂಡು ಉರುಳಿ ಬರುವ ಅಸ್ಥಿಪಂಜರಗಳು ಎರಡರಲ್ಲೂ ಇವೆ. ಮಂಗಾದಲ್ಲಿ ಗಟ್ಸ್ ತನ್ನ ಎಡಗೈ ಕಳೆದುಕೊಳ್ಳುತ್ತಾನೆ. 2012ರಲ್ಲಿ ಆಟಕ್ಕೆ ಸೇರಿದ ಹೊಸ ಭಾಗದಲ್ಲಿ ಎದುರಾಗುವ ವೀರ ಆರ್ಟೋರಿಯಸ್‌ನ ಎಡಗೈ ಮುರಿದು ಜೋತಾಡುತ್ತದೆ. ಅವರದೇ 2022ರ ‘ಎಲ್ಡನ್ ರಿಂಗ್’ನಲ್ಲಿ ಪಾಳುಬಿದ್ದ ಕೆಂಪು ನಾಡೊಂದರಲ್ಲಿ ನಿಂತ ಬಂಡಿಯ ಪೆಟ್ಟಿಗೆ ತೆರೆದರೆ ಗಟ್ಸ್‌ನ ಖಡ್ಗವನ್ನೇ ಹೋಲುವ ಖಡ್ಗ ಕೈಗೆ ಸಿಗುತ್ತದೆ.

ಅಭಿಮಾನಿಗಳು ಇಂಥ ಪಟ್ಟಿಗಳನ್ನು ಪ್ರೀತಿಯಿಂದ ಬೆಳೆಸುತ್ತಾರೆ. ಆದರೆ ಪಟ್ಟಿಯಿಂದ ಗೌರವ ಸಾಬೀತಾಗುವುದಿಲ್ಲ. ಖಡ್ಗದ ಆಕಾರವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಮಾಡಿದ್ದಾರೆ ಕೂಡ. ಮಿಯಾಝಾಕಿಯ ಹೆಚ್ಚುಗಾರಿಕೆ ಇರುವುದು ಆ ಖಡ್ಗದ ಭಾರವನ್ನು ಉಳಿಸಿಕೊಂಡದ್ದರಲ್ಲಿ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಿಯುರಾ ಗಟ್ಸ್‌ನ ಒಂದೇ ಏಟಿಗೆ ಎಷ್ಟೋ ಸಲ ಎದುರುಬದುರಿನ ಎರಡು ಪುಟಗಳನ್ನು ಪೂರ್ತಿ ಕೊಡುತ್ತಾರೆ. ಸಾವಿರಾರು ಸಣ್ಣ ಗೆರೆಗಳಲ್ಲಿ ಕವಚದ ಬಿರುಕು, ಎಗರಿದ ಮಣ್ಣು, ಬಿಗಿದ ಸ್ನಾಯು ಎಲ್ಲವೂ ಮೂಡುತ್ತವೆ. ಓದುಗನ ಕಣ್ಣು ಅಲ್ಲಿ ನಿಂತೇ ಮುಂದೆ ಹೋಗಬೇಕು. ಏಟಿನ ಬೆಲೆ ತಿಳಿಯುವುದು ಆ ನಿಲುಗಡೆಯಲ್ಲಿ. ಆಟದಲ್ಲಿ ಪುಟವಿಲ್ಲ, ಇರುವುದು ಆಟಗಾರನ ಬೆರಳು. ಡಾರ್ಕ್ ಸೋಲ್ಸ್‌ನ ಗ್ರೇಟ್‌ಸ್ವೋರ್ಡ್ ಅನ್ನು ಒಂದೇ ಕೈಯಲ್ಲಿ ಸರಿಯಾಗಿ ಹಿಡಿಯಲು ಪಾತ್ರಕ್ಕೆ 28 ಅಂಕಗಳ ಬಲ ಬೇಕು. ಗುಂಡಿ ಒತ್ತಿದ ತಕ್ಷಣ ಖಡ್ಗ ಬೀಸುವುದಿಲ್ಲ. ಅದು ನಿಧಾನವಾಗಿ ಏಳುತ್ತದೆ, ಅಷ್ಟರೊಳಗೆ ಶತ್ರು ಒಂದು ಪೆಟ್ಟು ಕೊಟ್ಟಿರಬಹುದು. ಬೀಸುತ್ತ ಹೋದರೆ ಪರದೆಯ ಮೂಲೆಯಲ್ಲಿ ಪಾತ್ರದ ದಮ್ಮು ತೋರಿಸುವ ಹಸಿರು ಪಟ್ಟಿ ಬರಿದಾಗುತ್ತದೆ. ಅದು ಮತ್ತೆ ತುಂಬತೊಡಗುವವರೆಗೆ ಓಡುವಂತಿಲ್ಲ, ಗುರಾಣಿಯ ಆಸರೆಯೂ ಸಾಲದು. ಗುರಿ ತಪ್ಪಿದರೆ ಸಾವು.

ಮಂಗಾದಲ್ಲಿ ಕಣ್ಣು ಅನುಭವಿಸಿದ ಭಾರವನ್ನು ಆಟದಲ್ಲಿ ಕೈ ಅನುಭವಿಸುತ್ತದೆ. ಒಂದು ಮಾಧ್ಯಮ ಇನ್ನೊಂದಕ್ಕೆ ಸಲ್ಲಿಸಬಹುದಾದ ನಿಜವಾದ ಗೌರವ ಇದು: ಮೂಲಕೃತಿ ಓದುಗನೊಳಗೆ ಹುಟ್ಟಿಸಿದ್ದನ್ನು ತನ್ನದೇ ಸಲಕರಣೆಯಿಂದ ಮತ್ತೆ ಹುಟ್ಟಿಸುವುದು.

ತೆಗೆದುಕೊಂಡವನು ತನ್ನ ಕೈಯಿಂದಲೂ ಏನಾದರೂ ಹಾಕಬೇಕು. ಹಿಮ ಬಿದ್ದ ಏರುದಾರಿಯಲ್ಲಿ ಕಾರುಗಳು ಸಿಕ್ಕಿಕೊಂಡಾಗ ಹಿಂದಿನ ಕಾರು ಮುಂದಿನದನ್ನು ತಳ್ಳಿ ಮೇಲೇರಿಸಿದ್ದನ್ನು, ಹಾಗೆ ನೆರವಾದ ಅಪರಿಚಿತರಿಗೆ ಕೃತಜ್ಞತೆ ಹೇಳಲೂ ಆಗದೆ ಉಳಿದದ್ದನ್ನು ಮಿಯಾಝಾಕಿ ನೆನಪಿಸಿಕೊಂಡಿದ್ದಾರೆ. ಗುರುತಿಲ್ಲದ ಆಟಗಾರರು ಕ್ಷಣಕಾಲ ಬಂದು ನೆರವಾಗಿ ಮರೆಯಾಗುವ ಅವರ ಆಟಗಳ ವ್ಯವಸ್ಥೆ ಅಲ್ಲಿಂದ ಹುಟ್ಟಿತು. ಬರ್ಸರ್ಕ್‌ನ ಕತ್ತಲೆಯನ್ನು ಇಟ್ಟುಕೊಂಡೇ ಅವರು ಅದರೊಳಗೆ ಅಪರಿಚಿತರ ಕರುಣೆಗೆ ಜಾಗ ಮಾಡಿದರು.

‘ಎಲ್ಲ ಸರಿ, ಸ್ವಂತದ್ದನ್ನೇ ಯಾಕೆ ಕಟ್ಟಬಾರದು?’ ಎಂದು ಕೇಳುವವರಿದ್ದಾರೆ. ಹಾಗಾದರೆ ಮಿಯುರಾ ಅವರನ್ನೂ ಕೇಳಬೇಕಾಗುತ್ತದೆ. ಕಾವೊರು ಕುರಿಮೊಟೊ ಅವರ ‘ಗುಯಿನ್ ಸಾಗಾ’ ಕಾದಂಬರಿ ಸರಣಿಗೆ, ಗೊ ನಾಗಾಯ್ ಅವರ ಮಂಗಾಗಳಿಗೆ ತಾವು ಋಣಿ ಎಂದು ಅವರೂ ಹೇಳಿಕೊಂಡವರೇ. ಶೂನ್ಯದಿಂದ ಹುಟ್ಟಿದ ಕೃತಿಯನ್ನು ಕಲೆಯ ಚರಿತ್ರೆಯಲ್ಲಿ ಹುಡುಕಿದರೆ ಕೈ ಖಾಲಿಯಾಗಿಯೇ ಹಿಂತಿರುಗುತ್ತದೆ.

ಕನ್ನಡಿಗರಿಗೆ ಈ ಮಾತು ಹೊಸದಾಗಬಾರದು. ಹತ್ತನೇ ಶತಮಾನದಲ್ಲಿ ಪಂಪ ವ್ಯಾಸರ ಹಿರಿಮೆಗೆ ತಲೆಬಾಗಿ ‘ವಿಕ್ರಮಾರ್ಜುನ ವಿಜಯ’ ಬರೆದ, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ. ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನ ಆ ಕಾವ್ಯದ ಹದಿಮೂರನೇ ಆಶ್ವಾಸವೊಂದನ್ನೇ ಬೀಜವಾಗಿ ಹಿಡಿದು ಹತ್ತು ಆಶ್ವಾಸಗಳ ‘ಗದಾಯುದ್ಧ’ ಬೆಳೆಸಿದ. ದೊರೆಯನ್ನು ಕಥಾನಾಯಕನೊಂದಿಗೆ ಸಮೀಕರಿಸುವ ಪಂಪನ ಉಪಾಯವನ್ನೂ ತೆಗೆದುಕೊಂಡು ಸತ್ಯಾಶ್ರಯನನ್ನು ಭೀಮನಾಗಿಸಿದ. ಇಷ್ಟರಲ್ಲೇ ನಿಂತಿದ್ದರೆ ರನ್ನ ಒಳ್ಳೆಯ ಶಿಷ್ಯನಾಗಿ ಉಳಿಯುತ್ತಿದ್ದ. ಹೆಣಗಳ ನಡುವೆ ದುರ್ಯೋಧನನನ್ನು ನಡೆಸಿ, ದ್ರೋಣ, ದುಶ್ಶಾಸನ, ಕರ್ಣರ ದೇಹಗಳ ಮುಂದೆ ಒಬ್ಬೊಬ್ಬರನ್ನೂ ನೆನೆದು ಅಳುವಂತೆ ಮಾಡಿದ ಆ ವಿಸ್ತಾರ, ಆ ಬಿಸಿಯುಸಿರು ರನ್ನನದು. ಹತ್ತಿರಹತ್ತಿರ ಸಾವಿರ ವರ್ಷಗಳ ಬಳಿಕ, 1926ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರು ಅದೇ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರಂಗಕ್ಕೆ ತಂದರು. ಗಿರೀಶ ಕಾರ್ನಾಡರ ‘ಹಯವದನ’ವೂ ಇದೇ ದಾರಿಯದು: ಕಥಾಸರಿತ್ಸಾಗರದ ಕಥೆಯನ್ನು ಜರ್ಮನ್ ಲೇಖಕ ಥಾಮಸ್ ಮಾನ್ ಕಿರುಕಾದಂಬರಿ ಮಾಡಿದ್ದರು, ಕಾರ್ನಾಡರು ಅದನ್ನು ಯಕ್ಷಗಾನದ ಭಾಗವತ ಮತ್ತು ತೆರೆಯೊಂದಿಗೆ ಆಧುನಿಕ ನಾಟಕವಾಗಿಸಿದರು. ಇವರಲ್ಲಿ ಯಾರನ್ನೂ ಯಾರೂ ನಕಲುಗಾರರೆಂದು ತಳ್ಳಿಹಾಕಿಲ್ಲ.

ಹಾಗಿದ್ದರೆ ಈ ನೆಲದಲ್ಲಿ ಕಟ್ಟುವ ಆಟ ಯಾವುದಕ್ಕೆ ಗೌರವ ಸಲ್ಲಿಸಬೇಕು? ಇದಕ್ಕೆ ಉತ್ತರವು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೆರೆ ಏರಿಗಳಲ್ಲಿ, ಗುಡಿಯಂಗಳಗಳಲ್ಲಿ, ಹೊಲದ ಬದುಗಳಲ್ಲಿ ವೀರಗಲ್ಲಾಗಿ ನಿಂತಿದೆ. ವೀರಗಲ್ಲು ಚಿತ್ರಕಥೆಯ ಒಂದು ಪುಟವೇ ಹೌದು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು, ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕೈಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವರು, ಊರಳಿವಿನಲ್ಲಿ ಕಾದಿ ಮಡಿದವರು, ಹುಲಿ ಹಂದಿಗಳೊಡನೆ ಸೆಣಸಿದವರು ಈ ಕಲ್ಲುಗಳಲ್ಲಿದ್ದಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೇ ಸಂಪುಟದಲ್ಲಿ ಪ್ರಕಟಿಸಿದರು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿ ಈ ಭಾಗದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಲೇಔಟ್‌ಗಳು ಎದ್ದು ಬದುಗಳು ಅಳಿಯುತ್ತಿರುವ ಈ ಜಿಲ್ಲೆಯಲ್ಲಿ ಅದು ತುರ್ತಿನ ಕೆಲಸ.

ಇನ್ನೊಂದು ಕಲ್ಲನ್ನು ಹೆಸರಿಸಲೇಬೇಕು. ಡಾರ್ಕ್ ಸೋಲ್ಸ್ ಆಡಿದವರಿಗೆ ಸಿಫ್ ಎಂಬ ದೈತ್ಯ ತೋಳ ಮರೆಯುವುದಿಲ್ಲ. ಸತ್ತ ಒಡೆಯ ಆರ್ಟೋರಿಯಸ್‌ನ ಖಡ್ಗವನ್ನು ಬಾಯಲ್ಲಿ ಕಚ್ಚಿ ಅವನ ಗೋರಿ ಕಾಯುವ ಅದನ್ನು ಕೊಲ್ಲುವಾಗ ಎಷ್ಟೋ ಆಟಗಾರರ ಕೈ ನಡುಗಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಕಲ್ಲೊಂದಿದೆ. ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ಬೇಟೆನಾಯಿಗೆ ಅದರ ಒಡೆಯ ಮಣಲೇರ ನೆಡಿಸಿದ ಕಲ್ಲು ಅದು. ನಾಯಿ ಮತ್ತು ಹಂದಿಯ ಕಾಳಗ ಅದರ ಮೇಲೆ ಕೆತ್ತಿದೆ. ಆಟದಲ್ಲಿ ಪ್ರಾಣಿ ಒಡೆಯನ ಗೋರಿ ಕಾಯುತ್ತದೆ, ಇಲ್ಲಿ ಒಡೆಯ ಪ್ರಾಣಿಯ ನೆನಪು ಕಾಯುತ್ತಾನೆ. ಆಟವೊಂದು ಹೇಳಬೇಕಾದ ಕಥೆಯಿದು.

ಕೈಚಳಕಕ್ಕೆ ಇಲ್ಲಿ ಕೊರತೆಯಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ ಪಾಲಾದ ಧ್ರುವ ಇಂಟರ‍್ಯಾಕ್ಟಿವ್‌ನಂಥ ಸಂಸ್ಥೆಗಳ ಕಲಾವಿದರು ಹೊರದೇಶದ ಆಟಗಳ ಲೋಕಗಳನ್ನು ವರ್ಷಗಟ್ಟಲೆ ಚಿತ್ರಿಸಿದ್ದಾರೆ. ಪುಣೆಯ ತಂಡವೊಂದು 2020ರಲ್ಲಿ ‘ರಾಜಿ’ ಆಟದಲ್ಲಿ ನೆರಳು ಗೊಂಬೆಯಾಟದ ಶೈಲಿಯಲ್ಲಿ ಕಥೆ ಹೇಳಿ, ನಮ್ಮ ಕಲೆಗಳು ಪರದೆಯ ಮೇಲೆ ನಿಲ್ಲಬಲ್ಲವು ಎಂದು ತೋರಿಸಿದೆ. ಎಚ್ಚರವಿರಬೇಕಾದದ್ದು ಒಂದೇ ಕಡೆ. ವೀರಗಲ್ಲಿನ ಸ್ಕ್ಯಾನನ್ನು ಆಟದ ಗೋಡೆಗೆ ಅಂಟಿಸಿದರೆ ಅದು ಅಲಂಕಾರವಾಗುತ್ತದೆ, ಗೌರವವಾಗುವುದಿಲ್ಲ. ಕೆಳಗಿನ ಪಟ್ಟಿಕೆಯಿಂದ ಮೇಲಿನ ಪಟ್ಟಿಕೆಗೆ ಏರುವಾಗ ನೋಡುಗನಲ್ಲಿ ಆಗುವ ಬದಲಾವಣೆ ಆಟಗಾರನ ಬೆರಳಿಗೂ ತಿಳಿಯುವಂತೆ ನಿಯಮಗಳನ್ನು ಕಟ್ಟಬೇಕು. ಆಟದಲ್ಲಿ ಸೋಲೆನಿಸುವ ಸಾವು ವೀರಗಲ್ಲಿನಲ್ಲಿ ಮುಂದಿನ ಚಿತ್ರಕ್ಕೆ ಬಾಗಿಲು. ಅಲ್ಲಿಂದಲೇ ಹೊಸ ಬಗೆಯ ಆಟವೊಂದು ಹುಟ್ಟಬಹುದು.

ಬೆಂಗಳೂರಿನಲ್ಲಿ ಗೇಮ್ ಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರು ಮಿಯುರಾ ಅವರ ಪುಟಗಳನ್ನು ಓದಿದಷ್ಟೇ ಶ್ರದ್ಧೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಲ್ಲುಗಳನ್ನೂ ಓದಲಿ. ಓದಿ ಕಟ್ಟಿದ ಆಟದ ಕೊನೆಯಲ್ಲಿ, ಮಿಯಾಝಾಕಿ ಸಂದರ್ಶನಗಳಲ್ಲಿ ಬರ್ಸರ್ಕ್‌ನ ಹೆಸರು ಹೇಳಿದಂತೆ, ಆ ಕಲ್ಲು ನಿಂತಿರುವ ಊರಿನ ಹೆಸರನ್ನು ತಪ್ಪದೆ ಬರೆಯಲಿ.