ಕೇಳುವವರಿಲ್ಲದ ಬಜೆಟ್

ದೀಪಾಂಜಲಿ ನಗರವು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಲ್ಲಿ ಒಂದಾಗಿತ್ತು. ಅಲ್ಲಿನ ಚರಂಡಿ, ರಸ್ತೆಗೆ ಎಷ್ಟು ಹಣ ದಕ್ಕಿತೆಂದು ಸಭೆಯಲ್ಲಿ ಎದ್ದುನಿಂತು ಕೇಳುವ ಅಧಿಕಾರ ವಾರ್ಡಿನ ಸದಸ್ಯರದು. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲಿನ ಅವಧಿ ಮುಗಿದು ಆ ಸ್ಥಾನ ತೆರವಾಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆನ್ನುವ ಸಂವಿಧಾನದ 243-ಯು ವಿಧಿ ಕಾಗದದಲ್ಲೇ ಉಳಿಯಿತು. 2021ರಿಂದ 2025ರವರೆಗಿನ ಐದು ಬಜೆಟ್‌ಗಳೂ ಆಡಳಿತಾಧಿಕಾರಿಗಳ ಕಾಲದಲ್ಲೇ ಮಂಡನೆಯಾದವು. ಕೊನೆಯದರ ಗಾತ್ರ ಸುಮಾರು 19,900 ಕೋಟಿ ರೂಪಾಯಿ.

ಹಿಂದೆ ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು ಬಜೆಟ್ ಮಂಡಿಸುತ್ತಿದ್ದರು. ಚರ್ಚೆಯಲ್ಲಿ ಗದ್ದಲವಿತ್ತು, ಸ್ವಾರ್ಥವೂ ಇತ್ತು. ಆದರೂ ಯಾವ ವಾರ್ಡಿಗೆ ಅನ್ಯಾಯವಾಯಿತೆಂಬುದು ಬಯಲಿಗೆ ಬರುತ್ತಿತ್ತು. ಅಧಿಕಾರಿ ಎಷ್ಟೇ ದಕ್ಷರಾಗಿದ್ದರೂ ಅವರು ಉತ್ತರಿಸಬೇಕಾದುದು ತಮ್ಮನ್ನು ನೇಮಿಸಿದ ಸರ್ಕಾರಕ್ಕೆ.

2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಜಾಗದಲ್ಲಿ, ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಆಡಳಿತ ಜನರಿಗೆ ಹತ್ತಿರವಾಗಲೆಂಬುದು ಇದರ ಸಮರ್ಥನೆ. ಆದರೆ ಪಾಲಿಕೆ ಒಂದಿರಲಿ, ಐದಿರಲಿ, ಕಾಲಕಾಲಕ್ಕೆ ಚುನಾವಣೆ ನಡೆದು, ಬಜೆಟ್ ಸದಸ್ಯರ ಒಪ್ಪಿಗೆ ಪಡೆಯದಿದ್ದರೆ ನಕ್ಷೆಯ ಗೆರೆಗಳಷ್ಟೇ ಬದಲಾದಂತೆ. ತೆರಿಗೆ ಕಟ್ಟುವ ನಾಗರಿಕನು ಲೆಕ್ಕ ಕೇಳುವ ಹಕ್ಕನ್ನು ಐದು ವರ್ಷ ಕಳೆದುಕೊಂಡದ್ದನ್ನು ಮರೆಯಬಾರದು.