ಯಾರೂ ಇಲ್ಲದ ದ್ವೀಪವಂತೆ!

ದಿಲ್ಲಿಯ ದೊರೆಗಳ ಕಣ್ಣಿಗೆ ಕೆಲವು ನೆಲಗಳು ಯಾವಾಗಲೂ ಖಾಲಿಯಾಗಿಯೇ ಕಾಣುತ್ತವೆ. ಈಗ ಆ ಕಣ್ಣು ಬಿದ್ದಿರುವುದು ಗ್ರೇಟ್ ನಿಕೋಬಾರ್ ಮೇಲೆ. ನಮ್ಮ ದೇಶದ ತೆಂಕಣ ತುದಿ ಇಂದಿರಾ ಪಾಯಿಂಟ್ ಇರುವ ದ್ವೀಪ ಅದು. ಸುಮಾರು 910 ಚದರ ಕಿಲೋಮೀಟರ್, ಬಹುಪಾಲು ದಟ್ಟ ಮಳೆಕಾಡು. 2011ರ ಜನಗಣತಿಯ ಪ್ರಕಾರ ಜನ ಎಂಟು ಸಾವಿರ ಚಿಲ್ಲರೆ. ಅಲ್ಲಿಗೆ ದೊಡ್ಡ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಜೊತೆಗೊಂದು ಹೊಸ ಪಟ್ಟಣ! 2022ರ ನವೆಂಬರಿನಲ್ಲಿ ಪರಿಸರ ಅನುಮತಿಯೂ ಸಿಕ್ಕಿತು. ಆಗ ಹೇಳಿದ ಖರ್ಚು 72,000 ಕೋಟಿ ರೂಪಾಯಿ. ಮುಂದೆ ಅಲ್ಲಿ ಮೂರೂವರೆ ಲಕ್ಷ ಜನ ನೆಲೆಸುತ್ತಾರಂತೆ. ಒಬ್ಬನಿದ್ದ ಮನೆಗೆ ನಲವತ್ತು ಮಂದಿ ನುಗ್ಗಿದ ಲೆಕ್ಕ, ಗೆಳೆಯರೇ!

ಇದಕ್ಕಾಗಿ ಹೋಗುವ ಕಾಡು 130 ಚದರ ಕಿಲೋಮೀಟರ್. ಸರ್ಕಾರವೇ ಒಪ್ಪಿದ ಮರಗಳ ಲೆಕ್ಕ ಒಂಬತ್ತು ಲಕ್ಷಕ್ಕೂ ಮೇಲೆ. ಬದಲಿಗೆ ಗಿಡ ನೆಡುವುದು ಎಲ್ಲಿ ಗೊತ್ತೇ? ಹರಿಯಾಣದಲ್ಲಿ! ನಾನು ಅಚ್ಚುಕೂಟದವನು. ಕಾಗದದ ಮೇಲೆ ಏನು ಬೇಕಾದರೂ ಮೂಡಿಸಬಹುದೆಂದು ಚೆನ್ನಾಗಿ ಬಲ್ಲೆ. ಆದರೆ ಕಡಲ ನಡುವಿನ ಕಾಡನ್ನು ಒಣನಾಡಿನಲ್ಲಿ ಮೂಡಿಸುವ ಕೈಚಳಕ ನನ್ನ ಮಿಷನ್ನಿಗೂ ಬಾರದು.

ಬಂದರು ಬರುವುದು ಗಲಾಥಿಯಾ ಕೊಲ್ಲಿಯಲ್ಲಿ. ಲೆದರ್‌ಬ್ಯಾಕ್ ಎಂಬ ದೈತ್ಯ ಕಡಲಾಮೆ ಮೊಟ್ಟೆಯಿಡುವ ಜಾಗ ಅದು. ಅಭಯಾರಣ್ಯವಾಗಿತ್ತು, 2021ರ ಜನವರಿಯಲ್ಲಿ ಆ ಹೆಸರನ್ನೇ ಕಿತ್ತುಹಾಕಿದರು. ಅಷ್ಟೇ ಅಲ್ಲ, 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಇಂದಿರಾ ಪಾಯಿಂಟಿನ ನೆಲ ನಾಲ್ಕು ಮೀಟರಿಗೂ ಹೆಚ್ಚು ಕುಸಿದಿತ್ತು. ಅಂಥ ನೆಲದ ಮೇಲೆ ಪಟ್ಟಣ!

ಅಂದಿನ ಸುನಾಮಿಯಲ್ಲಿ ಊರು ಕಳೆದುಕೊಂಡ ನಿಕೋಬಾರಿಗಳನ್ನು ಸರ್ಕಾರ ಬೇರೆಡೆ ಕೂರಿಸಿತು. ನಮ್ಮ ಹಳೆಯ ಊರಿಗೆ ಹೋಗುತ್ತೇವೆ ಎಂದು ಅವರು ಕೇಳುತ್ತಲೇ ಬಂದರು. ಯೋಜನೆಗೆ ಕೊಟ್ಟಿದ್ದ ಒಪ್ಪಿಗೆಯನ್ನು ಅವರ ಬುಡಕಟ್ಟು ಮಂಡಳಿ 2022ರಲ್ಲೇ ಹಿಂದಕ್ಕೆ ಪಡೆಯಿತು. ಇನ್ನು ಕಾಡಿನೊಳಗಿನ ಶೊಂಪೆನ್ನರು? 2011ರ ಜನಗಣತಿಯಲ್ಲಿ 229 ಮಂದಿ. ಅವರಿಗೆ ಅವರದೇ ಭಾಷೆ. ಆ ಭಾಷೆಯಲ್ಲಿ ಅವರನ್ನು ಕೇಳಿದವರು ಯಾರು ಸ್ವಾಮಿ?

ಭಾಷೆ ಪುಸ್ತಕದಲ್ಲಿ ಮಾತ್ರ ಇರುತ್ತದೆಂದು ನಂಬಿದವರು ಅಂಡಮಾನಿನ ಕಥೆ ಕೇಳಬೇಕು. 1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರಿನಲ್ಲಿ ಕೈದಿಗಳ ನೆಲೆ ಕಟ್ಟಿದರು. ಕಾಡು ಹೋಯಿತು, ಹೊರಗಿನಿಂದ ರೋಗ ಬಂತು, ಸಾವಿರಗಟ್ಟಲೆ ಇದ್ದ ಗ್ರೇಟ್ ಅಂಡಮಾನಿಗಳು ಬೆರಳೆಣಿಕೆಗೆ ಇಳಿದರು. 2010ರ ಜನವರಿಯಲ್ಲಿ ಬೋವಾ ಸೀನಿಯರ್ ಎಂಬ ಅಜ್ಜಿ ತೀರಿಕೊಂಡರು. ಅವರೊಂದಿಗೆ 'ಬೋ' ಭಾಷೆಯೂ ಮುಗಿಯಿತು. ಕೊನೆಯ ವರ್ಷಗಳಲ್ಲಿ ಆ ಅಜ್ಜಿಗೆ ತನ್ನ ನುಡಿಯಲ್ಲಿ ಮಾತನಾಡಲು ಒಬ್ಬರೂ ಇರಲಿಲ್ಲ! ಬೆಂಗಳೂರಿನ ಅಂಗಡಿಯಲ್ಲಿ ಕನ್ನಡ ಕೇಳಿಸದಿದ್ದರೆ ನಮಗೆ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಆ ಅಜ್ಜಿಯ ಪಾಡು ಊಹಿಸಿ.

ದೇಶದ ರಕ್ಷಣೆಗೆ ಬೇಕು ಎನ್ನುವವರಿದ್ದಾರೆ. ನೌಕಾಪಡೆಯ ಐಎನ್‌ಎಸ್ ಬಾಜ್ ನೆಲೆ 2012ರಿಂದ ಆ ದ್ವೀಪದಲ್ಲೇ ಇದೆ. ಕಾವಲಿಗೆ ಮೂರೂವರೆ ಲಕ್ಷ ಜನರ ಪಟ್ಟಣ ಯಾಕೆ? ನಿಮ್ಮ ಕ್ಷೇತ್ರದ ಸಂಸದರು ಮತ ಕೇಳಲು ಬಂದಾಗ ಇದನ್ನು ಕೇಳಿ. ಕನ್ನಡದಲ್ಲೇ ಕೇಳಿ, ಉತ್ತರವೂ ಕನ್ನಡದಲ್ಲೇ ಬರಲಿ.